ಎಂಟು ಸುತ್ತು

ಅಂಕೋಲೆ ಬದಿಯ ಹಟ್ಟಿಕೇರಿಯಲ್ಲಿ ಮಾಬ್ಲ ಗೌಡನ ನೌಕರಿಯ ಬಗ್ಗೆ ಒಂದು ಹಳೆಯ ಚೇಷ್ಟೆಯಿದೆ. ಊರವರೆಲ್ಲ ಏನಾದರೊಂದು ಮಾಡಿ ಹೊಟ್ಟೆ ಹೊರೆದರೆ ಮಾಬ್ಲ ಮಾತ್ರ ಏನೂ ಇಲ್ಲದ್ದನ್ನು ಮಾಡಿ ಸಂಬಳ ತರುತ್ತಾನಂತೆ. ಚೇಷ್ಟೆಯಾದರೂ ಸುಳ್ಳಲ್ಲ. ಕಾರವಾರದ ಗುಡ್ಡದ ಮೇಲೆ, ಬಂದರು ಕಾಣುವ ಕಡೆ, ಒಂದು ಸಣ್ಣ ಸಂಶೋಧನಾ ಕೇಂದ್ರವಿದೆ. ಅಲ್ಲಿರುವ ಒಂದು ಉಕ್ಕಿನ ಪಾತ್ರೆಯೊಳಗಿನ ಗಾಳಿಯನ್ನೆಲ್ಲ ಹೊರಗೆ ಹಾಕಿ, ಒಳಗೆ ಏನೂ ಇಲ್ಲದಂತೆ ಮಾಡಿ, ಅದನ್ನು ಹಾಗೆಯೇ ಕಾಯ್ದುಕೊಳ್ಳುವುದು ಮಾಬ್ಲನ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಈ ಕತೆಯ ಹೊತ್ತಿಗೆ ಅವನಿಗೆ ಐವತ್ತೊಂಬತ್ತು ನಡೆಯುತ್ತಿತ್ತು, ಎಡಗಾಲಿನ ಮಂಡಿ ಮೆಟ್ಟಿಲು ಕಂಡರೆ ಹೆದರುತ್ತಿತ್ತು, ಏನೂ ಇಲ್ಲದ್ದನ್ನು ಮಾಡುವುದು ಎಷ್ಟು ಆಯಾಸದ ಕೆಲಸ ಎಂದು ಊರಲ್ಲಿ ಯಾರಿಗೆ ಹೇಳಿದರೂ ನಗುತ್ತಿದ್ದರು.

ನಗುವವರು ಒಂದು ಸಲ ಮಾಡಿ ನೋಡಬೇಕು. ಪಾತ್ರೆಯ ಮೈಗೆಲ್ಲ ಬಿಸಿಯಾಗುವ ಪಟ್ಟಿ ಸುತ್ತಬೇಕು, ಮೇಲಿಂದ ಫಾಯಿಲ್ ಹಾಳೆ ಹೊದಿಸಬೇಕು, ಎರಡು ಹಗಲು ಎರಡು ರಾತ್ರಿ ಕಾಯಿಸಬೇಕು. ಒಳಗೋಡೆಗೆ ಅಂಟಿಕೊಂಡ ನೀರಿನ ಪಸೆ ಆಗ ಸಡಿಲವಾಗುತ್ತದೆ, ಪಂಪುಗಳು ಅದನ್ನು ಎಳೆದು ಹಾಕುತ್ತವೆ. ಆಮೇಲೆ ಆರುವುದಕ್ಕೆ ಒಂದು ದಿನ. ನಡುವೆ ಕರೆಂಟು ಹೋಯಿತೋ, ಮತ್ತೆ ಮೊದಲಿಂದ. ಬಾಗಿಲಿಗೆ ಹಾಕಿದ ಬೀಗವೇ ವರ್ಷದೊಳಗೆ ತುಕ್ಕು ಹಿಡಿಯುವ ಉಪ್ಪುಗಾಳಿಯ ಊರಿನಲ್ಲಿ ಪಸೆಯಿಲ್ಲದ ಜಾಗ ಮಾಡುವುದೆಂದರೆ ಸಮುದ್ರದ ದಂಡೆಯಲ್ಲಿ ನಿಂತು ಅಂಗಳ ಒಣಗಿಸಿದ ಹಾಗೆ.

ಅವನು ಈ ಕೆಲಸಕ್ಕೆ ಓದಿ ಬಂದವನಲ್ಲ. ಅಪ್ಪ ಕುಪ್ಪ ಗೌಡ ಕಂಡವರ ಗದ್ದೆಯಲ್ಲಿ ದುಡಿದು ಸತ್ತವನು. ಮಾಬ್ಲ ಏಳನೇ ಇಯತ್ತೆಗೆ ಶಾಲೆ ಬಿಟ್ಟು ಚಿರೆಕಲ್ಲು ಹೊರುವುದಕ್ಕೆ ನಿಂತ. ಕೇಂದ್ರದ ಕಟ್ಟಡಕ್ಕೂ ಅವನೇ ಕಲ್ಲು ಹೊತ್ತದ್ದು. ಕಟ್ಟಡ ಮುಗಿದ ಮೇಲೆ ಲಾರಿಯಲ್ಲಿ ದೊಡ್ಡ ದೊಡ್ಡ ಮರದ ಪೆಟ್ಟಿಗೆ ಬಂದವು, ಜೋಡಿಸುವುದಕ್ಕೆ ಒಬ್ಬ ಮುದುಕ ಇಂಜಿನಿಯರು ಬಂದ, ಪಾನಾ ಹಿಡಿಯುವುದಕ್ಕೆ ಒಬ್ಬ ಆಳು ಬೇಕೆಂದ. ಮಾಬ್ಲ ಹೋದ. ವೃತ್ತಾಕಾರದ ಮುಚ್ಚಳಕ್ಕೆ ಹದಿನಾರು ಬೋಲ್ಟು. ಬೇರೆಯವರಾಗಿದ್ದರೆ ಒಂದರ ಪಕ್ಕದ್ದನ್ನು ಒಂದು ಬಿಗಿದು ಮುಗಿಸುತ್ತಿದ್ದರು. ಮಾಬ್ಲ ಒಂದನ್ನು ಕಾಲು ಸುತ್ತು ತಿರುಗಿಸಿ, ಎದುರಿನದನ್ನು ಕಾಲು ಸುತ್ತು ತಿರುಗಿಸಿ, ಹೀಗೇ ಅರ್ಧ ದಿನ ತೆಗೆದುಕೊಂಡ. ಯಾರೂ ಹೇಳಿಕೊಟ್ಟಿರಲಿಲ್ಲ. ಒಂದೇ ಕಡೆ ಎಳೆದರೆ ಕಟ್ಟು ವಾಲುತ್ತದೆ ಎಂದು ಹುಲ್ಲುಹೊರೆ ಕಟ್ಟಿದವನಿಗೆ ಗೊತ್ತಿರುತ್ತದೆ, ಅಷ್ಟೇ. ಇಂಜಿನಿಯರು ಮರುದಿನ ಅವನ ಹೆಸರು ಕೇಳಿದ. ಹೋಗುವಾಗ, ಈ ಯಂತ್ರ ಬೇಕಾದರೆ ಈ ಮನುಷ್ಯನನ್ನು ಇಟ್ಟುಕೊಳ್ಳಿ ಎಂದು ಬರೆದುಕೊಟ್ಟು ಹೋದ. ಹನ್ನೊಂದು ವರ್ಷ ದಿನಗೂಲಿ, ಆಮೇಲೆ ಖಾಯಂ.

ಏನೂ ಇಲ್ಲದ ಆ ಪಾತ್ರೆಯೊಳಗೆ ನಿಜವಾಗಿ ಎರಡು ವಸ್ತು ಇವೆ. ಒಂದು ಬೆಳ್ಳಿಯ ಬಿಲ್ಲೆ, ಹಳೆಯ ನಾಲ್ಕಾಣೆಯಷ್ಟು ಅಗಲ, ಕನ್ನಡಿಯಷ್ಟು ನುಣುಪು. ಇನ್ನೊಂದು ಪೆಂಟಾಸೀನ್ ಎಂಬ ನೀಲಿಗಪ್ಪು ಪುಡಿ. ಇಂಗಾಲದ ಐದು ಉಂಗುರ ಸಾಲಾಗಿ ಅಂಟಿಕೊಂಡ ಉದ್ದನೆಯ ಅಣು ಅದು. ಲೋಹದ ಹಾಗೆ ಕರೆಂಟನ್ನು ಧಾರಾಳವಾಗಿ ಬಿಡುವುದಿಲ್ಲ, ಮರದ ಹಾಗೆ ಪೂರ್ತಿ ತಡೆಯುವುದೂ ಇಲ್ಲ, ನಡುವಿನ ಜಾತಿ. ಪುಡಿಯನ್ನು ಮೆಲ್ಲಗೆ ಕಾಯಿಸಿದರೆ ಅಣುಗಳು ಒಂದೊಂದಾಗಿ ಎದ್ದು ಹೋಗಿ ಬೆಳ್ಳಿಯ ಮೇಲೆ ಇಳಿಯುತ್ತವೆ, ಅಲ್ಲಿ ಇಲ್ಲಿ ತಿರುಗುತ್ತವೆ, ಆಮೇಲೆ ತಮ್ಮಷ್ಟಕ್ಕೇ ಸಾಲು ಕಟ್ಟುತ್ತವೆ. ಆ ಸಾಲಿನಲ್ಲಿ ಅವು ಮಲಗುತ್ತವೋ ನಿಲ್ಲುತ್ತವೋ ಎಂಬುದೇ ಕೇಂದ್ರದ ದೊಡ್ಡ ಪ್ರಶ್ನೆ. ಮಲಗಿದರೆ ಕರೆಂಟು ಒಂದು ದಿಕ್ಕಿಗೆ ಸಲೀಸು, ನಿಂತರೆ ಇನ್ನೊಂದು ದಿಕ್ಕಿಗೆ. ಮಡಚಿ ಕಿಸೆಗೆ ಹಾಕುವಂಥ ಪರದೆ ಮಾಡುವವರಿಗೆ ಇದು ಗೊತ್ತಿರಲೇಬೇಕು ಎಂದು ಕೇಂದ್ರದ ಮುಖ್ಯಸ್ಥೆ ಕಲಾವತಿ ಮೇಡಂ ಹೇಳುತ್ತಾರೆ.

ಮಾಬ್ಲ ಇದನ್ನು ಅರ್ಥ ಮಾಡಿಕೊಂಡದ್ದು ಬಸ್ಸಿನಿಂದ. ಖಾಲಿ ಬಸ್ಸು ಹತ್ತಿದವನು ಹಿಂದಿನ ಉದ್ದ ಸೀಟು ಕಂಡರೆ ಅಡ್ಡಾಗುತ್ತಾನೆ. ಬೆಳ್ಳಿಯೂ ಹಾಗೇ, ಇಳಿದ ಅಣುವನ್ನು ಮೈಗೆ ಎಳೆದು ಮಲಗಿಸಿಕೊಳ್ಳುತ್ತದೆ. ಆದರೆ ಸೀಟಿನ ಮೇಲೆ ಯಾರೋ ಮೀನುಬುಟ್ಟಿಯ ನೀರು ಚೆಲ್ಲಿದ್ದಾರೆ ಎನ್ನಿ. ಆಗ ಬಸ್ಸು ಖಾಲಿಯಿದ್ದರೂ ಜನ ನಿಂತೇ ಹೋಗುತ್ತಾರೆ, ಒಬ್ಬರಿಗೊಬ್ಬರು ಆತುಕೊಂಡು. ಬೆಳ್ಳಿಗೆ ಕೊಳೆ ತಾಗಿದ್ದರೆ ಅಣುಗಳೂ ಎದ್ದು ನಿಲ್ಲುತ್ತವೆ. ಅದಕ್ಕೇ ಬಿಲ್ಲೆಯನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಹೊಸದಾಗಿ ಬಂದ ಪ್ರತಿಯೊಬ್ಬ ವಿದ್ಯಾರ್ಥಿಗೂ ಮಾಬ್ಲ ಮೊದಲ ದಿನ ಹೇಳುವ ಮಾತು ಒಂದೇ: “ಕೈ ತಾಗಿಸ್ಬೇಡಿ. ಕೈಯಲ್ಲಿ ಎಣ್ಣೆ ಅದೆ.”

ಒಳಗಿಟ್ಟ ಬಿಲ್ಲೆಯನ್ನು ತೊಳೆಯುವುದು ನೀರಿನಿಂದಲ್ಲ. ಪಾತ್ರೆಯೊಳಗೆ ತುಸು ಆರ್ಗಾನ್ ಅನಿಲ ಬಿಟ್ಟು, ಅದರ ಕಣಗಳಿಂದ ಬೆಳ್ಳಿಯ ಮುಖಕ್ಕೆ ಹೊಡೆಸಿ, ಆಮೇಲೆ ಚೆನ್ನಾಗಿ ಕಾಯಿಸಿ ಆರಿಸಿದರೆ ಒಂದು ಸುತ್ತು. ಹೊಸದಾಗಿ ಕೂರಿಸಿದ ಬಿಲ್ಲೆಗೆ ಇಪ್ಪತ್ತು ಸುತ್ತು. ದಿನಕ್ಕೆ ಐದಾದರೆ ಹೆಚ್ಚು. ಪ್ರತಿ ಸುತ್ತನ್ನೂ ಮಾಬ್ಲ ಒಂದು ಉದ್ದ ವಹಿಯಲ್ಲಿ ಬರೆಯುತ್ತಾನೆ. ಮೇಡಂ ಯಂತ್ರವನ್ನು ಅನುಮಾನಿಸಿದ್ದುಂಟು, ವಿದ್ಯಾರ್ಥಿಗಳನ್ನು ಅನುಮಾನಿಸಿದ್ದುಂಟು. ಮಾಬ್ಲನ ವಹಿಯನ್ನು ಯಾರೂ ಅನುಮಾನಿಸಿದ್ದಿಲ್ಲ.

ನಾಗಶ್ರೀ ಬಾಳೆಗುಳಿಯವಳು. ಅಪ್ಪ ಸತೀಶ ನಾಯಕರು ಅಂಚೆ ಕಚೇರಿಯಲ್ಲಿದ್ದವರು. ಐದು ವರ್ಷದಿಂದ ಅವಳು ಈ ಬೆಳ್ಳಿ ಮತ್ತು ಈ ಪುಡಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಬೆಳ್ಳಿಯ ಮೇಲೆ ಒಂದು ಸೂಜಿಯ ಮೊನೆ ತಾಗಿಯೂ ತಾಗದಂತೆ ಓಡಾಡಿ ಅಣುಗಳ ಎತ್ತರ ಹೇಳುತ್ತದೆ. ಮಲಗಿದ್ದರೆ ಮೂರು, ನಿಂತಿದ್ದರೆ ಹದಿನೈದು. ಒಂದು ಕೂದಲಿನ ದಪ್ಪವನ್ನು ಏಳು ಲಕ್ಷ ಪಾಲು ಮಾಡಿದರೆ ಬರುವ ಒಂದು ಪಾಲು ಆ ಅಳತೆಯ ಒಂದು. ಐದು ವರ್ಷ ಅವಳಿಗೆ ಸಿಕ್ಕಿದ್ದು ಬರೀ ಮೂರು. ಶುದ್ಧ ಬೆಳ್ಳಿಯ ಮೇಲೆ ಮೊದಲ ಪದರ ಮಲಗುತ್ತದೆ ಎಂದು ಜಗತ್ತಿಗೆಲ್ಲ ಗೊತ್ತು, ಅದನ್ನು ಮತ್ತೆ ಹೇಳಿದರೆ ಯಾವ ಪತ್ರಿಕೆ ಅಚ್ಚು ಹಾಕುತ್ತದೆ? ಜೂನ್ ಮುಗಿಯುವುದರೊಳಗೆ ಒಂದು ಪ್ರಬಂಧವಾದರೂ ಪ್ರಕಟಣೆಗೆ ಹೋಗದಿದ್ದರೆ ಅವಳ ಅವಧಿ ಮುಗಿಯುತ್ತಿತ್ತು. ಸೋತ ಮುಖ ಅವಳದು, ಆದರೂ ದಿನವೂ ಎಂಟರ ಬಸ್ಸಿನಲ್ಲಿ ತನ್ನ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟು, ಹಟ್ಟಿಕೇರಿ ಬಂದ ಕೂಡಲೇ ಎತ್ತುತ್ತಿದ್ದಳು. ಮಾಬ್ಲಣ್ಣನ ಮಂಡಿ ನೋವು ಅವಳಿಗೆ ಗೊತ್ತಿತ್ತು. ಅವರ್ಸಾ, ಅಮದಳ್ಳಿ, ಬಿಣಗಾ, ಸುರಂಗ ದಾಟಿ ಕಾರವಾರದವರೆಗೆ ಇಬ್ಬರೂ ಅರ್ಧ ನಿದ್ದೆಯಲ್ಲಿ ಹೋಗುತ್ತಿದ್ದರು.

ಏಪ್ರಿಲ್ ತಿಂಗಳಲ್ಲಿ ಕರೆಂಟು ಎರಡು ಸಲ ಕೈಕೊಟ್ಟು, ಎರಡು ಸಲ ಪಾತ್ರೆಗೆ ಗಾಳಿ ಸೇರಿ ಎಲ್ಲ ಮೊದಲಿಂದ ಮಾಡಬೇಕಾಯಿತು. ಮೂರನೆಯ ಸಲ ಪಾತ್ರೆ ತೆರೆದು ಬಿಲ್ಲೆಯನ್ನು ಹೊಸ ಹಿಡಿಕೆಗೆ ಕೂರಿಸಬೇಕಾಯಿತು. ಮಧ್ಯಾಹ್ನದ ಹೊತ್ತು, ಮಾಬ್ಲ ಒಬ್ಬನೇ. ಏಸಿ ನಿಂತಿತ್ತು. ಸಾಸಿವೆಯಷ್ಟು ಸಣ್ಣ ಸ್ಕ್ರೂ, ಗ್ಲೌಸಿನ ಬೆರಳಿಗೆ ಹಿಡಿತ ಸಿಗದೆ ನಾಲ್ಕು ಸಲ ಜಾರಿತು. ಅವನು ಬಲಗೈಯ ಗ್ಲೌಸು ಕಳಚಿದ. ಅಷ್ಟರಲ್ಲಿ ಚಿಮುಟದಿಂದ ಬಿಲ್ಲೆ ಜಾರಿ, ರಬ್ಬರ್ ಹಾಸಿನ ಮೇಲೆ ಬಿದ್ದು, ಉರುಳಿ ಬಂದು ಅವನ ಕಾಲಿಗೆ ತಾಗಿತು.

ಚಪ್ಪಲಿ ಹೊರಗೆ ಬಿಟ್ಟು ಬರುವ ಕೋಣೆ, ಬರಿಗಾಲು. ಬೆಳ್ಳಿ ಅಂದರೆ ಬೆಳ್ಳಿ. ಮಾಬ್ಲ ಬಗ್ಗಿ ಬಿಲ್ಲೆಯನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡ. ಅವನು ಮಾಡಿದ್ದಲ್ಲ, ಅವನ ಕೈ ಮಾಡಿದ್ದು. ಅಕ್ಕಿಕಾಳು ತುಳಿದರೆ, ಪುಸ್ತಕಕ್ಕೆ ಕಾಲು ತಾಗಿದರೆ, ಚಿಕ್ಕಂದಿನಿಂದ ಆ ಕೈ ಮಾಡುತ್ತ ಬಂದದ್ದು ಅದನ್ನೇ. ಎರಡನೆಯ ಕಣ್ಣಿನಿಂದ ಬಿಲ್ಲೆ ತೆಗೆದಾಗ ಮಾಬ್ಲನಿಗೆ ತಾನೇನು ಮಾಡಿದೆ ಎಂದು ತಿಳಿಯಿತು. ಕನ್ನಡಿಯಂಥ ಮುಖದ ಮೇಲೆ ಹೆಬ್ಬೆರಳಿನ ಗುರುತು ಇತ್ತು, ರೆಪ್ಪೆಯ ಬೆವರೂ ಇತ್ತು. ಇಪ್ಪತ್ತಾರು ವರ್ಷ ಊರಿಗೆಲ್ಲ ಹೇಳಿದ ಮಾತು ಅವನ ಕಿವಿಗೇ ಕೇಳಿತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುವವರು ಎನ್ನಲಿ, ಬಡಪಾಯಿ ಅಸಿಟೋನಿನ ಬಾಟಲಿಗೆ ಕೈ ಹಾಕಿದ.

ಇಲ್ಲಿಯವರೆಗೆ ತಪ್ಪೇನೂ ದೊಡ್ಡದಲ್ಲ. ಬಿಲ್ಲೆಯನ್ನು ಅಸಿಟೋನಿನಲ್ಲಿ ತೊಳೆದ, ಸ್ಪಿರಿಟಿನಲ್ಲಿ ತೊಳೆದ, ಹಿಡಿಕೆಗೆ ಕೂರಿಸಿ ಒಳಗಿಟ್ಟು ಪಾತ್ರೆ ಮುಚ್ಚಿ, ಕಾಯಿಸಿ ಆರಿಸಿದ. ಇಪ್ಪತ್ತು ಸುತ್ತು ಹೊಡೆದಿದ್ದರೆ ಎಲ್ಲ ಹೋಗುತ್ತಿತ್ತು, ಬೇಕಿದ್ದರೆ ಐದು ಹೆಚ್ಚಿಗೆ ಹೊಡೆಯಬಹುದಿತ್ತು. ಮೊದಲ ದಿನ ಐದು ಸುತ್ತು ಮಾಡಿದ. ಎರಡನೆಯ ದಿನ ಮೂರು ಮಾಡುವಷ್ಟರಲ್ಲಿ ಮಂಡಿ ಊದಿಕೊಂಡಿತು. ಆ ತಿಂಗಳು ಮೂರನೆಯ ಸಲ ಅದೇ ಕೆಲಸ, ಅದೇ ಗುಂಡಿ, ಅದೇ ಕಾಯುವಿಕೆ. ಅವನಿಗೆ ಸಾಕಾಗಿತ್ತು. ಬೇರೆ ಕಾರಣ ಹುಡುಕಿ ನಾನು ಅವನನ್ನು ಕಾಪಾಡಬಹುದು, ಆದರೆ ಇದ್ದದ್ದು ಅಷ್ಟೇ, ಸಾಕಾಗಿತ್ತು. ಆಗ ನಾಗಶ್ರೀ ಫೋನು ಮಾಡಿದಳು.

“ಮಾಬ್ಲಣ್ಣ, ಎಷ್ಟಾಯ್ತು?”

“ಆಯ್ತು ತಂಗೀ.”

“ಇಪ್ಪತ್ತೂ ಆಯ್ತಾ? ಇಷ್ಟು ಬೇಗ?”

“ಆಯ್ತು ಅಂದೆನಲಾ.”

ಬಾಯಿಂದ ಬಿದ್ದದ್ದನ್ನು ವಹಿಯಲ್ಲಿ ಬರೆಯಬೇಕಾಯಿತು. ಎಂಟು ಸುತ್ತು ಮಾಡಿದ್ದ ಮಾಬ್ಲ ಇಪ್ಪತ್ತು ಎಂದು ಬರೆದ.

ಮೂರು ದಿನದ ಮೇಲೆ ನಾಗಶ್ರೀ ಸೂಜಿಯ ಕೋಣೆಯಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಹದಿನೈದು ಬಂದದೆ, ಮಾಬ್ಲಣ್ಣ. ನಾಲ್ಕು ಸಲ ಅಳೆದೆ. ಹದಿನೈದೇ.”

ಪರದೆಯ ಮೇಲೆ ಚಿತ್ರ ತೋರಿಸಿದಳು. ಅಣುಗಳು ಎದ್ದು ನಿಂತು, ಎಡಕ್ಕೊಂದು ಬಲಕ್ಕೊಂದು ವಾಲಿ ಸಾಲು ಕಟ್ಟಿದ್ದವು. ಆ ಜೋಡಣೆಗೆ ಪುಸ್ತಕದಲ್ಲಿ ಏನೋ ಇಂಗ್ಲಿಷ್ ಹೆಸರಿದೆ, ಮಾಬ್ಲ ಮೊದಲಿಂದಲೂ ಕರೆಯುವುದು ಬಂಗಡೆ ಮುಳ್ಳು ಎಂದು. ಚಂದವಾಗಿತ್ತು, ಸುಳ್ಳು ಹೇಳಬಾರದು. ಅಷ್ಟು ಚಂದದ ಚಿತ್ರ ಆ ಕೋಣೆಯಲ್ಲಿ ಅದುವರೆಗೆ ಬಂದಿರಲಿಲ್ಲ. ಮಾಬ್ಲನಿಗೆ ಆ ಸಾಲುಗಳ ಕೆಳಗೆ ತನ್ನ ಹೆಬ್ಬೆರಳೇ ಕಂಡಿತು.

ಮೇಡಂ ಮೊದಲು ನಂಬಲಿಲ್ಲ. “ಬೆಳ್ಳಿ ಸ್ವಚ್ಛ ಇತ್ತಾ?” ಎಂದು ಕೇಳಿದರು. ನಾಗಶ್ರೀ ವಹಿ ತಂದು ಎದುರಿಗಿಟ್ಟಳು. ಇಪ್ಪತ್ತು. ಮಾಬ್ಲನ ಅಕ್ಷರ. ಮೇಡಂ ಅದರ ಮೇಲೆ ಬೆರಳಾಡಿಸಿ, “ಹಾಗಾದರೆ ಬರಿ” ಎಂದರು. ಮಾಬ್ಲ ಅಲ್ಲೇ ಇದ್ದ.

ಮೇ ತಿಂಗಳು ಅವನಿಗೆ ಹೇಗೆ ಹೋಯಿತೋ ಅವನಿಗೇ ಗೊತ್ತು. ನಾಗಶ್ರೀ ಮತ್ತೆರಡು ಸಲ ಪುಡಿ ಕೂರಿಸಿ ಅಳೆದಳು, ಎರಡು ಸಲವೂ ಹದಿನೈದು. ಬರದೆ ಏನು? ನಡುವೆ ಒಂದೊಂದು ಸಲ ಕಾಯಿಸಿ ಪುಡಿಯನ್ನಷ್ಟೇ ಹಾರಿಸುತ್ತಿದ್ದರು, ಕೆಳಗಿನ ಕೊಳೆ ಇದ್ದಲ್ಲೇ ಇತ್ತು. ಹುಡುಗಿಯ ಮುಖದಲ್ಲಿ ಕಳೆ ಬಂತು. ಮನೆಯ ಮರದ ಕರಿ ಇಶಾಡು ಮಾವಿನಹಣ್ಣು ಒಂದು ಚೀಲ ತಂದುಕೊಟ್ಟಳು. ಅಂಕೋಲೆಯವರಿಗೆ ಆ ಹಣ್ಣು ಅಂದರೆ ಜೀವ. ಮಾಬ್ಲ ಒಂದನ್ನು ಕೊಯ್ದು ಬಾಯಿಗಿಟ್ಟ, ಉಳಿದದ್ದನ್ನು ಪಕ್ಕದ ಮನೆಗೆ ಕೊಟ್ಟ. ಆಮೇಲೆ ಏಳರ ಬಸ್ಸಿಗೆ ಹೋಗಲು ಶುರು ಮಾಡಿದ. ಏಳರ ಬಸ್ಸಿನಲ್ಲಿ ಯಾರೂ ಅವನಿಗೆ ಸೀಟು ಹಿಡಿದಿರುವುದಿಲ್ಲ. ಕಾರವಾರದವರೆಗೆ ಕಂಬ ಹಿಡಿದು ನಿಂತೇ ಹೋಗುತ್ತಿದ್ದ, ಆ ಮಂಡಿಯಲ್ಲಿ.

ಜೂನ್ ಎರಡನೆಯ ವಾರ, ಮಳೆ ಹಿಡಿದ ಮೇಲೆ, ನಾಗಶ್ರೀ ಪ್ರಬಂಧದ ಕರಡು ಹಿಡಿದುಕೊಂಡು ಅವನ ಮೇಜಿಗೆ ಬಂದಳು.

“ಮಾಬ್ಲಣ್ಣ, ನಿಮ್ಮ ಹೆಸರು ಇಂಗ್ಲಿಷಲ್ಲಿ ಹೆಂಗೆ ಬರೀತ್ರಿ? ಬರೆದವರ ಹೆಸರಲ್ಲಿ ನಿಮ್ದೂ ಹಾಕ್ತೆ. ಮೇಡಂ ಒಪ್ಪಿದ್ರು.”

“ನನ್ನ ಹೆಸರು ಎಂತಕ್ಕೆ ತಂಗೀ?”

“ಬೆಳ್ಳಿ ತೊಳ್ದವ್ರು ನೀವಲ್ವಾ.” ಅವಳು ಒಂದು ಸಾಲು ತೋರಿಸಿದಳು. ಬೆಳ್ಳಿಯನ್ನು ಇಪ್ಪತ್ತು ಸುತ್ತು ಶುದ್ಧಗೊಳಿಸಲಾಯಿತು ಎಂದು ಅದರಲ್ಲಿತ್ತು. “ಸೋಮವಾರ ಕಳ್ಸೂದು. ಅಷ್ಟರೊಳಗೆ ಹೇಳಿ.”

ಕಲ್ಲು ಹೊತ್ತವನ ಹೆಸರು ಜಗತ್ತಿನ ಪತ್ರಿಕೆಯಲ್ಲಿ ಬರುತ್ತದೆ ಎಂದರೆ ಯಾರಿಗೆ ಸಂತೋಷವಿಲ್ಲ? ಮಾಬ್ಲ ಆ ದಿನ ಮಳೆಯಲ್ಲಿ ನೆನೆದುಕೊಂಡು ಮನೆಗೆ ಬಂದ. ಹೆಂಡತಿ ಹೊನ್ನಿ ಜಗಲಿಯಲ್ಲಿ ಕೂತು ಬೆಳಿಗ್ಗೆಯ ಪೇಟೆಗೆ ಹರಿವೆಸೊಪ್ಪಿನ ಕಟ್ಟು ಕಟ್ಟುತ್ತಿದ್ದಳು. ಅವನು ಎದುರಿಗೆ ಕೂತು, ಬಾಳೆನಾರು ಸಿಗಿದು ಕೊಡುತ್ತ, ಬಿಲ್ಲೆ ಬಿದ್ದಲ್ಲಿಂದ ಎಲ್ಲ ಹೇಳಿದ. ಇಷ್ಟು ವರ್ಷದಲ್ಲಿ ಕೆಲಸದ ವಿಷಯ ಅವಳಿಗೆ ಅಷ್ಟು ಹೇಳಿದ್ದು ಅದೇ ಮೊದಲು. ಹೊನ್ನಿ ಕಟ್ಟು ಕಟ್ಟುವುದನ್ನು ನಿಲ್ಲಿಸದೆ ಕೇಳಿದಳು.

“ಕಾಲು ತಾಗ್ತು, ಕಣ್ಣಿಗೆ ಒತ್ಕಂಡೆ. ಅದ್ಕೆಂತಾ? ನಾನಾದ್ರೂ ಹಂಗೇ ಮಾಡ್ತಿದ್ದೆ” ಎಂದಳು. ಮುಂದಿನ ಕಟ್ಟು ಕಟ್ಟಿ ಕೆಳಗಿಟ್ಟಳು. “ಎಂಟು ಮಾಡಿ ಇಪ್ಪತ್ತು ಬರ್ದೆ ಅಲಾ, ಅದ್ನ ಎಲ್ಲಿಗೆ ಒತ್ಕಣ್ತೆ?”

ಮಾಬ್ಲ ಇನ್ನೊಂದು ನಾರು ಸಿಗಿದ. “ಹೇಳ್ದ್ರೆ ಆ ಹುಡ್ಗಿ ಐದು ವರ್ಷ ನೀರಿಗೆ ಹೋಯ್ತದೆ” ಎಂದ.

“ಹೇಳ್ದಿದ್ರೆ?”

“ಯಾರಿಗೂ ಗೊತ್ತಾಗೂದಿಲ್ಲ.” ನಾರು ಚಾಚುತ್ತ ಅವನೇ ಮುಂದುವರಿಸಿದ, “ಬೇರೆ ಊರಲ್ಲಿ ಯಾರಾದ್ರೂ ಸ್ವಚ್ಛ ಮಾಡಿ ಮಾಡೂವರೆಗೆ. ಆವಾಗ ಅದು ಮಲಗ್ತದೆ. ಅವಳ ಹೆಸರು ಕೆಡ್ತದೆ.”

“ಮತ್ತೆ ನನ್ನ ಎಂತ ಕೇಳ್ತೆ? ನಾರು ಸರೀ ಸಿಗಿ, ತುಂಡಾಗ್ತದೆ.”

ಮರುದಿನ ಮಾಬ್ಲ ಎಂಟರ ಬಸ್ಸಿಗೆ ಹೋದ. ನಾಗಶ್ರೀಯ ಪಕ್ಕದಲ್ಲಿ ಚೀಲ ಇತ್ತು. ತಿಂಗಳಾಯಿತು ಅವನು ಆ ಬಸ್ಸು ಹತ್ತದೆ, ಆದರೂ ಇತ್ತು. ಅವಳು ಚೀಲ ಎತ್ತಿದಳು, ಅವನು ಕೂರಲಿಲ್ಲ. ಕಂಬ ಹಿಡಿದು ನಿಂತ. “ಕೂತ್ಕಳಿ ಮಾಬ್ಲಣ್ಣ” ಎಂದು ಎರಡು ಸಲ ಹೇಳಿ, ಮೂರನೆಯ ಸಲ ಅವಳು ಹೇಳಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಕೂತಳು.

ಕೇಂದ್ರಕ್ಕೆ ಬಂದು ಛತ್ರಿ ಮೂಲೆಗಿಟ್ಟ ಕೂಡಲೇ ಅವನು ವಹಿ ತೆರೆದು ಅವಳೆದುರು ಹಿಡಿದ. ಪೆನ್ನು ತೆಗೆದು ಇಪ್ಪತ್ತನ್ನು ಹೊಡೆದು ಹಾಕಿದ, ಪಕ್ಕದಲ್ಲಿ ಎಂಟು ಎಂದು ಬರೆದು ಸಹಿ ಮಾಡಿದ. ಆಮೇಲೆ ಮಾತು ಬಂತು. ಸ್ಕ್ರೂ, ಗ್ಲೌಸು, ಕಾಲು, ಕಣ್ಣು, ಮಂಡಿ, ಫೋನು, ಯಾವುದನ್ನೂ ಬಿಡದೆ ಹೇಳಿದ. “ನಿನ್ನ ಹದಿನೈದು ನನ್ನ ಕೈ ಎಣ್ಣೆ, ತಂಗೀ. ಬೆಳ್ಳಿಯದ್ದಲ್ಲ.”

ನಾಗಶ್ರೀ ಆ ಹೊಡೆದು ಹಾಕಿದ ಅಂಕಿಯನ್ನೇ ನೋಡುತ್ತಿದ್ದಳು. ಬೈಯುತ್ತಾಳೆ ಎಂದು ಮಾಬ್ಲ ಕಾದ. ಅವಳು ಪಕ್ಕದ ಕಂಪ್ಯೂಟರ್ ಹಚ್ಚಿ ಏಪ್ರಿಲ್ ತಿಂಗಳ ಒಂದು ಕಡತ ತೆರೆದಳು. ಪಾತ್ರೆಯೊಳಗೆ ಎಷ್ಟು ಗಾಳಿಯಿದೆ ಎಂಬುದನ್ನು ಯಂತ್ರ ತಾನೇ ನಿಮಿಷ ನಿಮಿಷಕ್ಕೂ ಬರೆದಿಡುತ್ತದೆ, ಅದರ ಗೆರೆ. ಪ್ರತಿ ಸುತ್ತಿಗೂ ಆರ್ಗಾನ್ ಬಿಟ್ಟಾಗ ಗೆರೆ ಒಂದು ಗುಡ್ಡದ ಹಾಗೆ ಏಳುತ್ತದೆ. ಆ ಎರಡು ದಿನದ ಗೆರೆಯಲ್ಲಿ ಐದು ಗುಡ್ಡ, ನಡುವೆ ಒಂದು ರಾತ್ರಿಯ ಬಯಲು, ಆಮೇಲೆ ಮೂರು ಗುಡ್ಡ.

“ಎಂಟೇ ಅದೆ” ಎಂದಳು. “ನಾ ಎಣಿಸಿದ್ದೆ.”

“ಯಾವಾಗ?”

“ಹದಿನೈದು ಬಂದ ದಿನ ಸಂಜೆಗೇ.”

ಹೊರಗೆ ಮಳೆ ಜೋರಾಗಿತ್ತು.

“ನನಗೆ ಹದಿನೈದು ಬೇಕಾಗಿತ್ತು ಮಾಬ್ಲಣ್ಣ. ಐದು ವರ್ಷ ಮೂರು ನೋಡಿ ನೋಡಿ ಸಾಕಾಗಿತ್ತು. ಮೇಡಂ ಎದ್ರು ಗೆರೆ ಇಡೂ ಬದ್ಲು ನಿಮ್ಮ ವಹಿ ಇಟ್ಟೆ. ನಿಮ್ಮ ವಹಿ ಅಂದ್ರೆ ಅವ್ರು ಮತ್ತೆಂತದೂ ಕೇಳೂದಿಲ್ಲ.” ಅವಳ ದನಿ ಅಲ್ಲಿ ಸಣ್ಣಗಾಯಿತು. “ದಿನಾ ನೀವು ಹೇಳ್ತ್ರೇನೋ ಅಂತ ಹೆದ್ರಿಕೆ. ಹೇಳೂದಿಲ್ವೇನೋ ಅಂತಲೂ ಹೆದ್ರಿಕೆ. ಏಳರ ಬಸ್ಸಿಗೆ ಹೋಗೂಕೆ ಶುರು ಮಾಡ್ದಾಗ ಗೊತ್ತಾಯ್ತು, ನಿಮಗೂ ನಿದ್ದೆ ಇಲ್ಲ. ಹೆಸರು ಹಾಕ್ತೆ ಅಂದದ್ದು ಅದ್ಕೇ. ನೀವು ಬೇಡ ಅಂದ್ರೆ ನಾನೂ ಕಳ್ಸೂದೇ ಬೇಡ ಅನ್ಬಹುದು ಅಂತ. ನಾನೇ ಮೊದ್ಲು ಹೇಳೂಕೆ ನನ್ಗೆ ಆಗ್ಲಿಲ್ಲ.”

ಓದಿದವಳ ಬಾಯಿಂದ ಬಂದ ಈ ಮಾತಿಗೆ ಸಿಟ್ಟು ಬರಬೇಕಾಗಿತ್ತು. ತನ್ನ ಸುಳ್ಳಿನ ಹಿಂದೆ ಅವಳು ಅಡಗಿ ಕೂತಿದ್ದಳಲ್ಲ. ಆದರೆ ಮಾಬ್ಲನಿಗೆ ಬಂದದ್ದು ಸಿಟ್ಟಲ್ಲ, ಮರುಕ. ಎರಡು ತಿಂಗಳು ಒಂದೇ ಹೊರೆಯನ್ನು ಇಬ್ಬರೂ ಬೇರೆ ಬೇರೆ ಹೊತ್ತು ತಿರುಗಿದ್ದರು. ಅವನು ಪೆನ್ನನ್ನು ಅವಳ ಕಡೆ ಚಾಚಿದ. ಹೊಡೆದು ಹಾಕಿದ ಇಪ್ಪತ್ತರ ಪಕ್ಕದಲ್ಲಿ, ಅವನ ಸಹಿಯ ಕೆಳಗೆ, ಅವಳೂ ಸಹಿ ಹಾಕಿದಳು.

ಇಬ್ಬರೂ ಒಟ್ಟಿಗೆ ಮೇಡಂ ಕೋಣೆಗೆ ಹೋದರು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಣ್ಣುಜ್ಜಿಕೊಂಡರು. “ಇನ್ನೂ ಕಳಿಸಿಲ್ಲವಲ್ಲ. ಸಾಕು” ಎಂದರು. ಮಾಬ್ಲನ ಕಡೆ ನೋಡಿ ವಹಿಯನ್ನು ಅವನ ಕೈಗೆ ಕೊಟ್ಟರು. ಅವರು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಆ ವರ್ಷವಿಡೀ ಅವನು ವಹಿ ತಂದಾಗಲೆಲ್ಲ ಕಂಪ್ಯೂಟರಿನ ಗೆರೆಯನ್ನೂ ತರಲು ಅವರು ಹೇಳಿದರು. ಅದು ನ್ಯಾಯವೇ, ಮಾಬ್ಲ ಒಂದು ದಿನವೂ ಬೇಸರಪಟ್ಟುಕೊಳ್ಳಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು.

ಆಮೇಲೆ ನಾಲ್ಕು ದಿನ ಇಬ್ಬರೂ ಕೂತು ಇಪ್ಪತ್ತು ಸುತ್ತು ಹೊಡೆದರು. ಗುಂಡಿ ಒತ್ತುವುದು ನಾಗಶ್ರೀ, ಬರೆಯುವುದು ಮಾಬ್ಲ. ಮಾತು ಕಡಿಮೆ. ಒಂದೊಂದು ಸುತ್ತು ಮುಗಿದಾಗ ಅವಳು ಗೆರೆ ನೋಡಿ “ಬರೀರಿ” ಎನ್ನುತ್ತಿದ್ದಳು. ಐದನೆಯ ದಿನ ಪುಡಿ ಕೂರಿಸಿ, ಆರನೆಯ ದಿನ ಸೂಜಿ ಇಳಿಸಿದಳು. ಮಾಬ್ಲ ಪರದೆ ನೋಡಲಿಲ್ಲ, ಅವಳ ಮುಖ ನೋಡುತ್ತಿದ್ದ.

“ಮೂರು” ಎಂದಳು.

ಅಣುಗಳು ಬೆಳ್ಳಿಗೆ ಮೈಯೊತ್ತಿ ಮಲಗಿದ್ದವು, ಮಲಗಬೇಕಾದ ಹಾಗೆ. ನಾಗಶ್ರೀ ಮೇಜಿನ ಮೇಲೆ ತಲೆಯಿಟ್ಟಳು. ಅತ್ತಳೋ, ಬರೀ ಸುಸ್ತೋ, ಮಾಬ್ಲ ಕೇಳಲಿಲ್ಲ. ಹೊರಗೆ ಹೋಗಿ ಎರಡು ಲೋಟ ಚಾ ತಂದು ಒಂದನ್ನು ಅವಳ ಮೊಣಕೈ ಹತ್ತಿರ ಇಟ್ಟ. ಅದು ತಣ್ಣಗಾದ ಮೇಲೆ ಅವಳು ಕುಡಿದಳು.

“ಕಣ್ಣಿಗೆ ಒತ್ಕಂಡದ್ದಕ್ಕೆ ನನಗೆ ಸಿಟ್ಟಿಲ್ಲ ಮಾಬ್ಲಣ್ಣ” ಎಂದಳು. “ಇಪ್ಪತ್ತು ಬರೆದದ್ದಕ್ಕೆ ಅದೆ. ಸ್ವಲ್ಪ ದಿನ ಇರ್ತದೆ.”

“ಇರ್ಲಿ” ಎಂದ ಮಾಬ್ಲ.

ಜೂನ್ ಕಳೆಯಿತು. ಮೇಡಂ ಎಲ್ಲೆಲ್ಲಿಗೋ ಪತ್ರ ಬರೆದು ಒಂದು ವರ್ಷದ ಅವಧಿ ಹೆಚ್ಚಿಗೆ ಕೊಡಿಸಿದರು. ಮತ್ತೆ ಫಾಯಿಲ್, ಮತ್ತೆ ಬಿಸಿ, ಮತ್ತೆ ಸುತ್ತು. ನಾಗಶ್ರೀ ಬೇಕೆಂದೇ ಎಂಟು ಸುತ್ತಿನ ಬೆಳ್ಳಿ, ಹನ್ನೆರಡು ಸುತ್ತಿನ ಬೆಳ್ಳಿ, ಇಪ್ಪತ್ತು ಸುತ್ತಿನ ಬೆಳ್ಳಿ ಮಾಡಿಸಿ, ಅಣುಗಳು ಎಲ್ಲಿ ನಿಲ್ಲುವುದನ್ನು ಬಿಟ್ಟು ಮಲಗುತ್ತವೆ ಎಂದು ಅಳೆದಳು. ದೊಡ್ಡ ಸುದ್ದಿಯಾಗುವ ಕೆಲಸವಲ್ಲ. ಒಂದು ಸಣ್ಣ ಪತ್ರಿಕೆ ಅಚ್ಚು ಹಾಕಿತು, ಪದವಿಗೆ ಅಷ್ಟು ಸಾಕಾಯಿತು. ಬಸ್ಸಿನಲ್ಲಿ ಚೀಲ ಎತ್ತುವುದು ಆಗಸ್ಟ್ ಹೊತ್ತಿಗೆ ಮತ್ತೆ ಶುರುವಾಗಿತ್ತು. ಮಾಬ್ಲ ಕೂರುವುದೂ ಶುರುವಾಗಿತ್ತು.

ಮರುವರ್ಷ ಅವನು ನಿವೃತ್ತನಾದ ದಿನ ಕೇಂದ್ರದಲ್ಲಿ ಶಾಲು ಹೊದಿಸಿದರು, ಎರಡು ಮಾತಾಡಿದರು. ನಾಗಶ್ರೀ ಬಸ್ ನಿಲ್ದಾಣದವರೆಗೆ ಬಂದು, ಕೆಂಪು ರಟ್ಟಿನ ತನ್ನ ಪಿಎಚ್‌ಡಿ ಪ್ರಬಂಧದ ಒಂದು ಪ್ರತಿ ಕೊಟ್ಟಳು. ಇಂಗ್ಲಿಷ್ ಪುಸ್ತಕ ತನಗೆ ಯಾಕೆ ಎಂದು ಮಾಬ್ಲ ಸಂಕೋಚಪಟ್ಟ. ಮೊದಲ ಪುಟದಲ್ಲಿ ನಾಲ್ಕು ಸಾಲು ಕನ್ನಡದಲ್ಲಿದೆ, ಮನೆಗೆ ಹೋಗಿ ಓದಿ ಎಂದಳು.

ಅವನು ಮನೆಯವರೆಗೆ ಕಾಯಲಿಲ್ಲ, ಸುರಂಗ ದಾಟಿ ಬೆಳಕು ಬಂದ ಕೂಡಲೇ ತೆರೆದ. ಅಪ್ಪ ಅಮ್ಮನಿಗೆ ಒಂದು ಸಾಲು, ಮೇಡಂಗೆ ಒಂದು ಸಾಲು ಇತ್ತು. ಕೊನೆಯ ಎರಡು ಸಾಲು ಹೀಗಿದ್ದವು: “ಗೆರೆಯಲ್ಲಿ ಎಂಟು ಇರುವುದು ನನಗೆ ಗೊತ್ತಿತ್ತು. ನನಗಿಂತ ಮೊದಲು ಎಂಟು ಎಂದವರು ಮಾಬ್ಲ ಗೌಡರು.”

ಅವನು ಅದನ್ನು ಎರಡು ಸಲ ಓದಿದ. ಅಮದಳ್ಳಿಯ ತಿರುವಿನಲ್ಲಿ ಬಸ್ಸು ಕುಲುಕಿ ಪುಸ್ತಕ ತೊಡೆಯಿಂದ ಜಾರಿ ಕಾಲ ಮೇಲೆ ಬಿತ್ತು. ಎತ್ತಿ, ಯಾರು ನೋಡುತ್ತಾರೆ ಎಂದು ಯೋಚಿಸದೆ, ಎರಡೂ ಕಣ್ಣಿಗೆ ಒತ್ತಿಕೊಂಡ. ಈ ಸಲ ಏನೂ ಕೆಡಲಿಲ್ಲ.

ಸಂಜೆ ಆ ಸಾಲುಗಳನ್ನು ಹೊನ್ನಿಗೆ ಓದಿ ಹೇಳಿದ. ಅವಳು ಸೊಪ್ಪಿನ ಕಟ್ಟಿನಿಂದ ತಲೆ ಎತ್ತಲಿಲ್ಲ.

“ಎಂಟೇ ಬರ್ದಾಳಾ?” ಎಂದಳು. “ಸರಿ ಮತ್ತೆ. ಬಾ, ನಾರು ಸಿಗಿ.”